ಬಾಗಿಲ ನಾಯಿಯ ಬಾಯಾರಿಕೆ

ಯುಗಾದಿ ಕಳೆದು ಇನ್ನೂ ಎರಡು ವಾರಗಳಾಗಿಲ್ಲ. ಆಗಲೇ ನಮ್ಮ ಸೀಮೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವವರು ವಿರಳರಾಗಿರುವರು. ಜಮಖಂಡಿಯ ಪೇಟೆಯಲ್ಲಿ ಅಂಗಡಿಕಾರರು ಬಿಸಿಲಿಗೆ ಪರದೆ ಇಳಿಬಿಟ್ಟು ಒಳಗೆ ಸರಿದು ಕುಳಿತಿರುವರು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ನೇಕಾರರು ಬೆವರೊರೆಸಿಕೊಳ್ಳುತ್ತ ಲಾಳಿ ಆಡಿಸುತ್ತಿರುವರು. ಮನುಷ್ಯನಾದರೋ ತನ್ನ ಬಾಯಾರಿಕೆಗೆ ಬೇಕಾದ ಏರ್ಪಾಡನ್ನೆಲ್ಲ ಮಾಡಿಕೊಂಡಿರುವನು. ಪಡಸಾಲೆಯ ಮೂಲೆಗೆ ಹೊಸ ಹರವಿ ಬಂದಿದೆ, ಅದರ ಕೆಳಗೆ ಮರಳು ಹಾಸಿದೆ, ಮೇಲೆ ತಂಬಿಗೆ ಬೋರಲು ಬಿದ್ದಿದೆ. ಎತ್ತು ಎಮ್ಮೆಗಳಿಗೆ ಹೊತ್ತುಹೊತ್ತಿಗೆ ನೀರು ತೋರಿಸುವ ಪದ್ಧತಿಯೂ ಒಕ್ಕಲುತನದ ಮನೆಗಳಲ್ಲಿ ಹಿರಿಯರಿಂದ ನಡೆದುಬಂದುದೇ ಆಗಿದೆ. ಆದರೆ ಬಾಗಿಲಲ್ಲಿ ಕಟ್ಟಿದ ನಾಯಿಗೆ ನೀರು ಕೊಡುವ ಹೊತ್ತು ಯಾವುದು, ಕೊಡುವವರು ಯಾರು ಎಂದು ಕೇಳಿ ನೋಡಿರಿ; ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುವರು. ಅತ್ತೆ ಸೊಸೆ ಕೊಟ್ಟಿರಬೇಕೆನ್ನುವಳು, ಸೊಸೆ ಹುಡುಗರು ಕೊಟ್ಟಿರಬೇಕೆನ್ನುವಳು, ಹುಡುಗರು ಶಾಲೆಗೆ ರಜೆಯಾದ್ದರಿಂದ ಅಜ್ಜಿಯ ಊರಿಗೆ ಹೋಗಿರುವರು.

ಈ ಮಾತನ್ನು ಎತ್ತಲು ಕಾರಣವೊಂದಿದೆ. ಕಳೆದ ತಿಂಗಳು ಬೀಳಗಿ ತಾಲೂಕಿನ ಹಳ್ಳಿಯೊಂದರಿಂದ ಸೋದರಿಯೊಬ್ಬರು ನಮಗೆ ಪತ್ರ ಬರೆದಿರುವರು. ಅವರ ತೋಟದ ಮನೆಯಲ್ಲಿ ಎರಡು ವರ್ಷದ ಮುಧೋಳ ನಾಯಿಯೊಂದಿದೆ. ಬಿಸಿಲಿನಲ್ಲಿ ಓಡಾಡಿ ಬಂದು ಅದು ತೇಕುತ್ತಿರುವಾಗ ಇವರು ನೀರಿಡಲು ಹೋದರೆ ಮಾವನವರು ತಡೆಯುವರು. "ತೇಕೋ ನಾಯಿಗೆ ನೀರು ಕೊಟ್ರ ಎದಿ ಒಡೀತೈತಿ" ಎಂಬುದು ಅವರ ಮಾತು. ಮಾವನವರು ಪರಸ್ಥಳಕ್ಕೆ ಹೋದ ಒಂದು ದಿನ ಇವರು ಮನಸ್ಸು ತಡೆಯಲಾರದೆ ಬೋಗುಣಿ ತುಂಬ ನೀರಿಟ್ಟರಂತೆ. ನಾಯಿಯು ಅಷ್ಟನ್ನೂ ಒಂದೇ ಉಸಿರಿಗೆ ಕುಡಿದು ಅಷ್ಟನ್ನೂ ಕಾರಿಕೊಂಡಿತಂತೆ. ಹಿರಿಯರ ಮಾತೇ ನಿಜವಿರಬಹುದೇ, ನೀರಿಟ್ಟು ತಪ್ಪು ಮಾಡಿದೆನೇ ಎಂದು ಅವರು ಕೇಳಿರುವರು. ತಪ್ಪು ಮಾಡಲಿಲ್ಲ ತಾಯಿ ಎಂದು ಮೊದಲು ಹೇಳಿಬಿಡುವೆವು. ಕಾರಿದುದು ಏಕೆಂಬುದನ್ನು ಮುಂದೆ ಹೇಳುವೆವು. ಏಕೆಂದರೆ ಈ ಪ್ರಶ್ನೆಯ ಹಿಂದೆ ಇದಕ್ಕಿಂತ ದೊಡ್ಡದಾದ ಒಂದು ತಪ್ಪು ತಿಳಿವಳಿಕೆ ಅಡಗಿದೆ.

ಅದು ಯಾವುದೆಂದರೆ, ಮುಧೋಳ ನಾಯಿಯು ನಮ್ಮ ಮಣ್ಣಿನದು, ಆದುದರಿಂದ ನಮ್ಮ ಬಿಸಿಲು ಅದಕ್ಕೆ ಏನೂ ಮಾಡದು ಎಂಬ ನಂಬಿಕೆ. ಬೆಂಗಳೂರು ಪುಣೆಗಳ ಶ್ರೀಮಂತರು ಸಾಕುವ ಉಣ್ಣೆ ಮೈಯ ಪರದೇಶದ ನಾಯಿಗಳಿಗೆ ಬೇಸಿಗೆ ಕಷ್ಟ, ನಮ್ಮ ನಾಯಿಗೆ ಏನು ಕಷ್ಟ ಎಂದು ಬಹು ಜನರು ಹೇಳುವುದನ್ನು ನಾವು ಕೇಳಿರುವೆವು. ಒಂದು ಕಾಲಕ್ಕೆ ನಾವೂ ಹಾಗೆಯೇ ಹೇಳಿದವರು. ಅರ್ಧ ಸತ್ಯವು ಪೂರ್ತಿ ಸುಳ್ಳಿಗಿಂತ ಕೆಡುಕು ಎನ್ನುವುದು ಇಂಥಲ್ಲಿಯೇ. ತೆಳುವಾದ ಚರ್ಮ, ಮೋಟು ಕೂದಲು, ಕೊಬ್ಬಿಲ್ಲದ ಮೈ, ಉದ್ದ ಮೂತಿ, ಅಗಲವಾದ ಎದೆಗೂಡು, ಇವೆಲ್ಲ ಬಿಸಿಲು ನಾಡಿಗೆ ಒಪ್ಪುವ ಲಕ್ಷಣಗಳೇ ಸರಿ. ಆದರೆ ಈ ನಾಯಿ ಈ ಬಿಸಿಲಿನಲ್ಲಿ ಬಾಳಿದುದು ಹೇಗೆ ಎಂಬುದನ್ನೂ ಸ್ವಲ್ಪ ಯೋಚಿಸಬೇಕು.

ಮುಧೋಳವೂ ಜಮಖಂಡಿಯೂ ಸಂಸ್ಥಾನಗಳಾಗಿದ್ದ ಕಾಲದಲ್ಲಿ, ಎಂದರೆ 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ಸೇರಿಹೋಗುವುದಕ್ಕೆ ಮೊದಲು, ಈ ನಾಯಿಯು ಬೇಟೆಯ ನಾಯಿಯಾಗಿತ್ತು. ಬೇಡರ ಕೈಯಲ್ಲಿದ್ದ ಈ ತಳಿಯ ಗುಣವನ್ನು ಕಂಡು ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಅದನ್ನು ಅಕ್ಕರೆಯಿಂದ ಬೆಳೆಸಿದರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ಆಗಿನ ನಾಯಿ ಬೆಳಗಿನ ತಂಪಿನಲ್ಲಿ ಬೇಟೆಗಾರನೊಡನೆ ಹೊರಟು ಮೊಲವನ್ನಟ್ಟಿ, ಬಿಸಿಲೇರುವಷ್ಟರಲ್ಲಿ ಹಳ್ಳಕ್ಕೋ ಘಟಪ್ರಭೆಯ ದಂಡೆಗೋ ಇಳಿದು ಹೊಟ್ಟೆ ತಂಪು ಮಾಡಿಕೊಂಡು ಗಿಡದ ನೆರಳಿನಲ್ಲಿ ಮಲಗುತ್ತಿತ್ತು. ಅದರ ಕೊರಳಲ್ಲಿ ಹಗ್ಗವಿರುತ್ತಿದ್ದುದು ಬೇಟೆಗೆ ಬಿಡುವವರೆಗೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಮೊಲದ ಬೇಟೆ ನಿಂತುಹೋಗತಕ್ಕದ್ದಾಯಿತು. ಅದು ಒಳ್ಳೆಯದೇ ಆಯಿತು. ಈಗ ಈ ನಾಯಿ ತೋಟ ಕಾಯುತ್ತದೆ, ಮನೆ ಕಾಯುತ್ತದೆ. ಮರಿ ಮಾರಿ ಬದುಕುವ ಕುಟುಂಬಗಳೂ ಮುಧೋಳದ ಸುತ್ತಣ ಹಳ್ಳಿಗಳಲ್ಲಿ ಬಹಳ ಇವೆ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಇಲಾಖೆಯವರು ಇದರ ಚಿತ್ರವುಳ್ಳ ತಿಕೀಟು ಹೊರಡಿಸಿದರು. 2016ರಲ್ಲಿ ಇಲ್ಲಿಯ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದುವು. ಮಾನ ಮರ್ಯಾದೆಗೆ ಕೊರತೆಯಿಲ್ಲ. ಆದರೆ ಮಾನ ಹೆಚ್ಚಿದಂತೆ ಕೊರಳಿನ ಸರಪಳಿಯೂ ಗಟ್ಟಿಯಾಯಿತು. ಬೆಲೆಯುಳ್ಳ ನಾಯಿಯನ್ನು ಯಾರು ಹೊರಗೆ ಬಿಡುವರು? ಕಳವಾದೀತು, ಮೋಟಾರಿಗೆ ಸಿಕ್ಕೀತು, ಕಂಡ ಗಂಡಿನೊಡನೆ ಕೂಡಿ ಜಾತಿ ಕೆಟ್ಟೀತು ಎಂದು ತಗಡಿನ ಚಪ್ಪರದಲ್ಲಿ ಕಟ್ಟಿಹಾಕುವರು. ಹಾಗೆ ಕಟ್ಟಿದ ದಿನದಿಂದ ಬಿಸಿಲು ತಾಳುವ ಅದರ ವಿದ್ಯೆಯಲ್ಲಿ ಅರ್ಧವು ಹೋಯಿತು. ಹಳ್ಳಕ್ಕೆ ಇಳಿಯುವಂತಿಲ್ಲ, ನೆರಳಿನ ಹಿಂದೆ ಸರಿಯುವಂತಿಲ್ಲ. ಉಳಿದುದು ನಮ್ಮ ಕೈಯಿಂದ ಬರುವ ನೀರು ಒಂದೇ.

ನಾಯಿಗೆ ನೀರು ಇಷ್ಟೊಂದು ಏಕೆ ಬೇಕು? ಮನುಷ್ಯನಿಗೆ ಸೆಕೆಯಾದರೆ ಮೈಯೆಲ್ಲ ಬೆವರಿ, ಆ ಬೆವರು ಆರುವಾಗ ಮೈ ತಂಪಾಗುವುದು. ನಮ್ಮ ಮುಧೋಳದ ಕವಿ ರನ್ನನು ಕೊಳದೊಳಗೆ ಅಡಗಿದ ದುರ್ಯೋಧನನು ನೀರಿನಲ್ಲಿದ್ದೂ ಬೆವರಿದನೆಂದು ವರ್ಣಿಸಿರುವನು. ನಾಯಿಯಾದರೋ ಬೆಂಕಿಯಂಥ ಬಿಸಿಲಿನಲ್ಲಿದ್ದೂ ಬೆವರಲಾರದು. ಅಂಗಾಲಿನ ಮೆತ್ತೆಗಳಲ್ಲಿ ಸ್ವಲ್ಪ ಬೆವರು ಬರುವುದುಂಟು, ಅದು ಲೆಕ್ಕಕ್ಕಿಲ್ಲ. ಅದರ ಬೆವರೆಲ್ಲ ಬಾಯಿಯಲ್ಲಿಯೇ ಇದೆಯೆಂದು ತಿಳಿಯಬೇಕು. ಸುಮ್ಮನಿರುವಾಗ ನಿಮಿಷಕ್ಕೆ 20, 30 ಸಲ ಉಸಿರಾಡುವ ನಾಯಿಯು ಸೆಕೆಯೇರಿದಾಗ ನಾಲಗೆ ಚಾಚಿ 300 ಸಲಕ್ಕೂ ಮೇಲೆ ತೇಕುವುದು. ಬಾಯಿ, ನಾಲಗೆ, ಮೂಗಿನ ಒಳಮೈಗಳ ಪಸೆಯು ಆ ಗಾಳಿಗೆ ಆರುತ್ತ ಅಲ್ಲಿಯ ರಕ್ತವನ್ನು ತಂಪು ಮಾಡುವುದು. ಹರವಿಯ ಮೈ ಒಸರಿ ಒಳಗಿನ ನೀರು ತಂಪಾಗುವುದೂ ಇದೇ ನ್ಯಾಯದಿಂದ. ಒಸರದ ಹರವಿಯಲ್ಲಿ ನೀರು ತಂಪಾಗುವುದಿಲ್ಲ. ಪಸೆಯಾರಿದ ನಾಯಿಯೂ ತಂಪಾಗುವುದಿಲ್ಲ. ಅಂದಮೇಲೆ ತೇಕುವ ನಾಯಿಗೆ ನೀರು ಬೇಡವೆನ್ನುವುದು, ಉರಿಯುವ ಮನೆಯ ಮುಂದೆ ನಿಂತು ಬಾವಿಗೆ ಹಗ್ಗ ಬಿಡಬೇಡಿರೆಂದಂತೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳುವೆವು. ಚೈತ್ರ ವೈಶಾಖಗಳ ಒಣ ಬಿಸಿಲಿನಲ್ಲಿ ಪಸೆ ಬೇಗ ಆರುವುದರಿಂದ ತೇಕಿದ್ದಕ್ಕೆ ಫಲವುಂಟು. ನೀರು ಮಾತ್ರ ಬಹಳ ಖರ್ಚಾಗುವುದು. ರೋಹಿಣಿ ಮಳೆಯ ಒಂದೆರಡು ಹನಿ ಬಿದ್ದು ಮೋಡ ಮುಚ್ಚಿ ಧಗೆಯಾದ ದಿನಗಳಲ್ಲಿ ಗಾಳಿಯೇ ಹಸಿಯಾಗಿರುವುದರಿಂದ ಎಷ್ಟು ತೇಕಿದರೂ ತಂಪಾಗುವುದು ಕಡಮೆ. ನೀರು ಹಾಯಿಸಿದ ಕಬ್ಬಿನ ನಡುವಿನ ತೋಟದ ಮನೆಗಳಲ್ಲಿಯೂ, ಏಳೆಂಟು ನಾಯಿಗಳನ್ನು ಒತ್ತಾಗಿ ಕೂಡಿದ ಚಪ್ಪರಗಳಲ್ಲಿಯೂ ಇದೇ ಕಥೆ. ಮಿರಗದ ಮಳೆ ಚೆನ್ನಾಗಿ ಹಿಡಿಯುವವರೆಗೆ ಬೇಸಿಗೆ ಹೋಯಿತೆಂದು ನಾಯಿಯ ಪಾಲಿಗೆ ಎಣಿಸತಕ್ಕದ್ದಲ್ಲ.

ಈಗ ನಮ್ಮ ಮನೆಯದೇ ಒಂದು ಕಥೆಯನ್ನು ಹೇಳಬೇಕಾಗಿದೆ. ಹೇಳಲು ನಮಗೆ ಸಂತೋಷವೇನಿಲ್ಲ. ನಾಲ್ಕು ವರ್ಷಗಳ ಹಿಂದೆ, ಲಗ್ನಗಳ ಕಾಲ. ರಬಕವಿಯಲ್ಲಿ ಸಂಬಂಧಿಕರ ಮನೆಯ ಮದುವೆಗೆ ಮನೆಮಂದಿಯೆಲ್ಲ ಬೆಳಗಿನ ಎಂಟೂವರೆಗೆ ಹೊರಟೆವು. ಹಿತ್ತಲಿನ ಬೇವಿನ ಗಿಡದ ಕೆಳಗೆ ನಮ್ಮ ಹೆಣ್ಣು ನಾಯಿಯನ್ನು ಕಟ್ಟಿ, ಅಲ್ಯುಮಿನಿಯಮ್ಮಿನ ಬೋಗುಣಿಯ ಕಂಠ ಮಟ್ಟ ನೀರು ತುಂಬಿ, ಅದರ ತಲೆ ಸವರಿ ಹೋದೆವು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಒಮ್ಮೆ ಅದರ ನೆನಪು ಬಂದಿತು. ನೀರು ಇಟ್ಟಿದ್ದೇವಲ್ಲ ಎಂದು ಸಮಾಧಾನ ಮಾಡಿಕೊಂಡೆವು. ನಾಲ್ಕರ ಸುಮಾರಿಗೆ ಮರಳಿ ಬಂದು ಹಿತ್ತಲ ಬಾಗಿಲು ತೆಗೆದಾಗ ಬೋಗುಣಿಯು ಬೋರಲಾಗಿ ಸರಪಳಿಯ ಅಳತೆಯ ಆಚೆಗೆ ಬಿದ್ದಿತ್ತು. ಸರಪಳಿಯೇ ಅದಕ್ಕೆ ಸಿಕ್ಕಿ ಎಳೆದಿರಬೇಕು. ನೀರು ಚೆಲ್ಲಿದ ನೆಲವನ್ನು ನಾಯಿಯು ಪಂಜಿನಿಂದ ಕೆರೆದು ಗೇಣುದ್ದ ಕುಣಿ ಮಾಡಿತ್ತು. ಬೆಳಗ್ಗೆ ಗಿಡದ ಪಡುವಣಕ್ಕಿದ್ದ ನೆರಳು ಮೂಡಣಕ್ಕೆ ಹೊರಳಿ ಹೋಗಿತ್ತು. ಸರಪಳಿ ಅಲ್ಲಿಯ ತನಕ ಹೋಗಿರಲಿಲ್ಲ. ನಾಯಿ ಅಡ್ಡಬಿದ್ದಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ತೆರೆದಿತ್ತೇ ಹೊರತು ನಮ್ಮನ್ನು ಗುರುತಿಸಲಿಲ್ಲ. ಬಾಲವಲ್ಲಾಡಲಿಲ್ಲ.

ಗಾಬರಿಯಲ್ಲಿ ನಾವು ಮಾಡಿದುದೆಲ್ಲ ಸರಿಯಾಗಿರಲಿಲ್ಲ. ಕೊಡಗಟ್ಟಲೆ ನೀರು ಸುರಿದುದು ಸರಿ. ಆಮೇಲೆ ಗೋಣಿಚೀಲವನ್ನು ತೋಯಿಸಿ ಮೈಸುತ್ತ ಬಿಗಿದು, ಮೋಟಾರಿನಲ್ಲಿ ಹಾಕಿ, ಗಾಜು ಮುಚ್ಚಿ ದನದ ದವಾಖಾನೆಗೆ ಒಯ್ದೆವು, ಇದು ತಪ್ಪು. ತೊಯ್ದ ಚೀಲವು ಸ್ವಲ್ಪ ಹೊತ್ತಿಗೆ ಮೈಯಷ್ಟೇ ಬಿಸಿಯಾಗಿ, ಒಳಗಿನ ಕಾವು ಹೊರಬೀಳದಂತೆ ಕಂಬಳಿಯ ಕೆಲಸ ಮಾಡುವುದೆಂದು ವೈದ್ಯರು ಬಂದ ಕೂಡಲೇ ಅದನ್ನು ಕಿತ್ತೆಸೆದರು. ಉಷ್ಣಮಾಪಕವು 107 ಡಿಗ್ರಿ ತೋರಿಸಿತು. ನಾಯಿಯ ಸಹಜ ಉಷ್ಣವು 101ರಿಂದ 102½ ಡಿಗ್ರಿ ಫ್ಯಾರನ್‌ಹೀಟ್, ಎಂದರೆ 38ರಿಂದ 39 ಸೆಲ್ಸಿಯಸ್ಸಿನ ಆಸುಪಾಸು. 106ರ ಮೇಲಕ್ಕೆ ಹೋದರೆ ಮಿದುಳು, ಮೂತ್ರಪಿಂಡ, ಕರುಳುಗಳು ಕೆಡಲಾರಂಭಿಸುವುವು. ಎರಡು ದಿನ ರಕ್ತನಾಳದಿಂದ ಸಲೈನ್ ಹರಿಯಿತು. ನಾಯಿ ಬದುಕಿತು. ಬಿಲ್ಲಿನ ಮಾತು ಹಾಗಿರಲಿ, ನಾವು ಪದೇ ಪದೇ "ನೀರು ಇಟ್ಟೇ ಹೋಗಿದ್ದೆವು" ಎನ್ನುತ್ತಿದ್ದುದನ್ನು ಕೇಳಿ ಕೇಳಿ ಆ ವೈದ್ಯರು ಮೆಲ್ಲನೆ ಹೇಳಿದರು: "ಇಟ್ಟಿದ್ರಿ ಖರೆ. ಅದಕ್ಕ ಸಿಗೂಹಂಗ ಇಟ್ಟಿರಲಿಲ್ಲ." ಈ ಮಾತು ನಮಗೆ ಇಂದಿಗೂ ಚುಚ್ಚುತ್ತದೆ.

ಆದುದರಿಂದ ನೀರಿನ ಪ್ರಮಾಣಕ್ಕಿಂತ ಮೊದಲು ಪಾತ್ರೆಯ ಮಾತು. ಹಗುರಾದ ಪಾತ್ರೆ ಕೂಡದು. ಹಳೆಯ ಮನೆಗಳಲ್ಲಿ ಕಲ್ಲಿನ ದೋಣಿಗಳಿರುವುವು, ಅದಕ್ಕಿಂತ ಮೇಲಾದುದಿಲ್ಲ. ಇಲ್ಲದವರು ಅಗಲ ಬಾಯಿಯ ಮಣ್ಣಿನ ಪಾತ್ರೆಯನ್ನು ಅರ್ಧಕ್ಕೆ ನೆಲದಲ್ಲಿ ಹೂಳಬಹುದು. ಅದು ಉರುಳುವುದಿಲ್ಲ, ಸುತ್ತಣ ಮಣ್ಣು ತೊಯ್ದು ನೀರೂ ತಂಪಾಗಿರುವುದು. ಒಂದರ ಬದಲು ಎರಡು ಪಾತ್ರೆಗಳಿರಲಿ, ಎರಡೂ ಬೇರೆ ಬೇರೆ ಸ್ಥಳದಲ್ಲಿರಲಿ. ನಾಯಿಯನ್ನು ಕಟ್ಟಲೇಬೇಕಾದರೆ ಕಟ್ಟಿದ ಗೂಟದಿಂದ ಸರಪಳಿಯನ್ನು ನೀವೇ ಹಿಡಿದು ಒಂದು ಸುತ್ತು ನಡೆದು ನೋಡಿರಿ. ಪಾತ್ರೆ ಆ ಸುತ್ತಿನ ಒಳಗಿದೆಯೇ, ಆದರೆ ಸರಪಳಿ ಅದನ್ನು ಒರೆಸಿಕೊಂಡು ಹೋಗದಂತೆ ಅಂಚಿನಲ್ಲಿದೆಯೇ ಎಂಬುದು ಆಗ ಗೊತ್ತಾಗುವುದು. ನೆರಳನ್ನು ಬೆಳಗಿನ ಎಂಟಕ್ಕೆ ನೋಡಿ ಮೋಸಹೋಗಬೇಡಿರಿ. ಮೇ ತಿಂಗಳ ಮೊದಲ ವಾರದ ಸುಮಾರಿಗೆ ನಮ್ಮ ಸೀಮೆಯಲ್ಲಿ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುವನು. ಆಗ ಗೋಡೆಯ ನೆರಳೆಂಬುದೇ ಇರುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿ ನೆರಳಿರುವುದೋ ಅಲ್ಲಿಗೆ ಸರಪಳಿ ಮುಟ್ಟಬೇಕು. ತಗಡಿನ ಚಪ್ಪರವನ್ನು ನೆರಳೆಂದು ಕರೆಯಲು ನಮಗೆ ಮನಸ್ಸಿಲ್ಲ. ಅದು ರೊಟ್ಟಿಯ ಹಂಚು. ಅದರ ಮೇಲೆ ಕಬ್ಬಿನ ರವದಿಯನ್ನಾದರೂ ದಪ್ಪಗೆ ಹೊದಿಸಿ, ನಾಲ್ಕೂ ಕಡೆ ಗಾಳಿಯಾಡುವಂತೆ ಬಿಡಬೇಕು.

ಎಷ್ಟು ನೀರು? ಸಾಧಾರಣ ದಿನಗಳಲ್ಲಿ ಮೈತೂಕದ ಒಂದೊಂದು ಕಿಲೋಗೆ 50ರಿಂದ 60 ಮಿಲಿಲೀಟರ್ ಎಂದು ಪಶುವೈದ್ಯರು ಹೇಳುವರು. 25 ಕಿಲೋ ತೂಗುವ ಮುಧೋಳ ನಾಯಿಗೆ ಇದರಂತೆ ದಿನಕ್ಕೆ ಒಂದೂಕಾಲು ಲೀಟರಿನಿಂದ ಒಂದೂವರೆ ಲೀಟರ್ ಆಯಿತು. ಬೇಸಿಗೆಯಲ್ಲಿ ಇದು ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಓಡಿದ ದಿನ ಇನ್ನೂ ಹೆಚ್ಚು. ಮರಿಗಳಿಗೆ ಹಾಲೂಡುವ ತಾಯಿಗಂತೂ ಲೆಕ್ಕವೇ ಬೇಡ, ಪಾತ್ರೆ ಎಂದೂ ಬರಿದಾಗದಿದ್ದರೆ ಸಾಕು. ಬೆಳಿಗ್ಗೆ ಸಂಜೆ ನೀರು ಚೆಲ್ಲಿ, ಪಾತ್ರೆಯನ್ನು ತಿಕ್ಕಿ ತೊಳೆದು ಹೊಸ ನೀರು ಹಾಕಬೇಕು. ಹಾವಸೆಗಟ್ಟಿದ ನೀರನ್ನು ನಾಯಿ ಮೂಸಿ ಬಿಟ್ಟುಬಿಡುವುದು. ನಾವು ಅದಕ್ಕೆ ಬಾಯಾರಿಕೆಯಿಲ್ಲವೆಂದು ತಿಳಿಯುವೆವು. ನೀರು ದುಬಾರಿಯಾದ ಊರುಗಳಿವೆ, ಟ್ಯಾಂಕರಿನ ದಾರಿ ಕಾಯುವ ತಾಯಂದಿರಿರುವರು ಎಂಬುದನ್ನು ನಾವು ಮರೆತಿಲ್ಲ. ನೀರಿನ ಬೆಲೆಯನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1989ರಲ್ಲಿ ಸರಕಾರದ ದಾರಿ ಕಾಯದೆ ತಾವೇ ಹಣ ಕೂಡಿಸಿ, ತಾವೇ ಮೈಮುರಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಗಟ್ಟೆ ಕಟ್ಟಿದ ರೈತರ ನಾಡಿದು. ಆದರೂ ನಾಯಿಯ ಪಾಲು ಎರಡು ಮೂರು ತಂಬಿಗೆ. ಅಕ್ಕಿ ತೊಳೆಯುವಾಗ ಚೆಲ್ಲುವುದು ಇದಕ್ಕಿಂತ ಹೆಚ್ಚು.

ನಾಯಿ ನೀರನ್ನು ಕುಡಿದೇ ಪಡೆಯಬೇಕೆಂದಿಲ್ಲ, ಉಂಡೂ ಪಡೆಯಬಹುದು. ಈ ವಿಷಯದಲ್ಲಿ ನಮ್ಮ ಹಳೆಯ ತಲೆಯವರು ಜಾಣರು. ಜೋಳದ ನುಚ್ಚನ್ನೋ ಹಿಟ್ಟನ್ನೋ ತೆಳ್ಳಗೆ ಕುದಿಸಿ ಆರಿಸಿದ ಅಂಬಲಿಗೆ ಹಾಲು ಅಥವಾ ಮಜ್ಜಿಗೆ ಬೆರೆಸಿ ನಾಯಿಗೆ ಹಾಕುವರು. ಅದರಲ್ಲಿ ಬಹುಪಾಲು ನೀರೇ. ಪಟ್ಟಣದಿಂದ ಚೀಲದಲ್ಲಿ ಬರುವ ಒಣ ಕಾಳಿನ ಆಹಾರದಲ್ಲಿ ನೀರು ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಅದನ್ನು ಹಾಕುವವರು ಬೇಸಿಗೆಯಲ್ಲಿ ನೀರಿನಲ್ಲಿ ನೆನೆಸಿ ಹಾಕುವುದು ಲೇಸು. ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಬರೆಯಬೇಕೆನಿಸುತ್ತದೆ. ಮನೆಯವರಿಗೆಂದು ಮಾಡಿದ ಮಜ್ಜಿಗೆಯಲ್ಲಿ ಉಪ್ಪು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಹೆಚ್ಚಿದ ಉಳ್ಳಾಗಡ್ಡಿ ಬಿದ್ದಿರುವುವು. ಉಳ್ಳಾಗಡ್ಡಿಯೂ ಬಳ್ಳೊಳ್ಳಿಯೂ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುವಂಥವು. ಉಳಿದ ಮಜ್ಜಿಗೆಯನ್ನು ಪಾಪ ನಾಯಿಗಾದರೂ ಆಗಲಿ ಎಂದು ಸುರಿಯಬೇಡಿರಿ. ಜಮಖಂಡಿಯ ಕಡೆ ದ್ರಾಕ್ಷಿ ತೋಟಗಳವರಿಗೆ ಇನ್ನೊಂದು ಮಾತು: ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ವಿಷ. ರಸವಿದೆ, ತಂಪು ಎಂದು ಗೊಂಚಲನ್ನು ಅದರ ಮುಂದೆ ಎಸೆಯತಕ್ಕದ್ದಲ್ಲ. ಬೀಜ ತೆಗೆದ ಕಲ್ಲಂಗಡಿಯ ಎರಡು ಹೋಳು ಕೊಟ್ಟರೆ ಬಾಧಕವಿಲ್ಲ. ನಮ್ಮ ನಾಯಿಗೆ ಅದೆಂದರೆ ಪ್ರಾಣ.

ಮೈಯಲ್ಲಿ ನೀರು ಕಡಮೆಯಾದುದನ್ನು ತಿಳಿಯುವುದು ಹೇಗೆಂದು ಕೇಳುವಿರಿ. ಹೆಗಲ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರೆ ಕೂಡಲೇ ಕೆಳಗಿಳಿಯಬೇಕು, ನಿಧಾನವಾಗಿ ಇಳಿದರೆ ನೀರು ಸಾಲದು ಎಂಬುದು ಎಲ್ಲರೂ ಹೇಳುವ ಪರೀಕ್ಷೆ. ಮುಧೋಳ ನಾಯಿಯಂಥ ಕೊಬ್ಬಿಲ್ಲದ ಮೈಯಲ್ಲಿ ಇದನ್ನೊಂದನ್ನೇ ನೆಚ್ಚಬಾರದು. ಬಡಕಲು ಮೈಯ ಚರ್ಮವು ನೀರಿದ್ದಾಗಲೂ ಸಾವಕಾಶವಾಗಿ ಇಳಿಯಬಹುದು. ತುಟಿಯನ್ನೆತ್ತಿ ವಸಡನ್ನು ಮುಟ್ಟಿ ನೋಡುವುದು ಮೇಲು. ಅದು ನುಣುಪಾಗಿ ಒದ್ದೆಯಾಗಿರಬೇಕು. ಬೆರಳಿಗೆ ಅಂಟಿದರೆ ಪಸೆಯಾರಿದೆ ಎಂದರ್ಥ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗವು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕಣ್ಣು ಗುಳಿಬಿದ್ದಿರುವುದು, ಮೂತ್ರವು ಸ್ವಲ್ಪವಾಗಿ ಗಾಢ ಹಳದಿಯಾಗಿ ಹೋಗುವುದು, ಕರೆದರೆ ಏಳದಿರುವುದು, ಇವೂ ಗುರುತುಗಳೇ. ನಾಯಿ ಚೆನ್ನಾಗಿರುವ ದಿನವೇ ಅದರ ವಸಡನ್ನು ಒಮ್ಮೆ ನೋಡಿಟ್ಟುಕೊಂಡರೆ ಕೆಟ್ಟ ದಿನ ಬಂದಾಗ ಭೇದ ತಿಳಿಯುವುದು.

ಇನ್ನು ಬಿಸಿಲು ಬಡಿದು ಬಿದ್ದ ನಾಯಿಯ ಉಪಚಾರ. ತಡಮಾಡದೆ ನೆರಳಿಗೆ ಒಯ್ದು ಕೈಗೆ ಸಿಕ್ಕ ತಣ್ಣೀರನ್ನು ಮೈತುಂಬ ಸುರಿಯಬೇಕು. ಹೊಟ್ಟೆ, ತೊಡೆಯ ಸಂದು, ಕೊರಳು, ಅಂಗಾಲುಗಳಿಗೆ ವಿಶೇಷವಾಗಿ ಹೊಯ್ಯಬೇಕು. ಬೀಸಣಿಗೆಯಿಂದಲೋ ವಿದ್ಯುತ್ ಪಂಖದಿಂದಲೋ ಗಾಳಿ ಹಾಕುತ್ತಲೇ ಇರಬೇಕು. ಕೊಳವೆಯ ನೀರು ಬಿಸಿಲಿಗೆ ಕಾದಿರುವುದುಂಟು, ಮೊದಲು ಕೈಯಲ್ಲಿ ಹಿಡಿದು ನೋಡಿರಿ. ಮೊದಲು ತಂಪು ಮಾಡಿ ಆಮೇಲೆ ದವಾಖಾನೆಗೆ ಒಯ್ಯಬೇಕೇ ಹೊರತು, ಒಯ್ಯುವ ಅವಸರದಲ್ಲಿ ತಂಪು ಮಾಡುವುದನ್ನು ಬಿಡಬಾರದು. ಎಚ್ಚರವಿದ್ದರೆ ನೀರನ್ನು ಮುಂದಿಡಿರಿ, ತಾನಾಗಿ ನೆಕ್ಕಲಿ. ಎಚ್ಚರವಿಲ್ಲದ ನಾಯಿಯ ಬಾಯಿ ತೆರೆದು ನೀರು ಹೊಯ್ಯುವುದೆಂದರೆ ಅದರ ಪುಪ್ಪುಸಕ್ಕೆ ಹೊಯ್ದಂತೆ. ಎದ್ದು ಕುಳಿತು ಬಾಲವಲ್ಲಾಡಿಸಿತೆಂದು ವೈದ್ಯರನ್ನು ಬಿಡಬೇಡಿರಿ. ಒಳಗಿನ ಕೇಡು ಒಂದೆರಡು ದಿನಗಳ ಮೇಲೆ ಕಾಣಿಸಿಕೊಳ್ಳುವುದುಂಟು.

ಇಲ್ಲಿ ಒಂದು ದುಃಖದ ಸಂಗತಿಯನ್ನು ಬರೆಯದೆ ಇರಲಾರೆವು. ಬಿಸಿಲು ಬಡಿದ ನಾಯಿ ಜೊಲ್ಲು ಸುರಿಸುವುದು, ತೂರಾಡುವುದು, ಕಂಡವರನ್ನು ಗುರುತಿಸದು, ನೀರಿಟ್ಟರೂ ಕುಡಿಯದು. ಇದನ್ನು ಕಂಡು "ಹುಚ್ಚು ಹಿಡಿದಿದೆ" ಎಂದು ಬಡಿಗೆ ತೆಗೆದುಕೊಂಡು ಹೊಡೆದು ಕೊಂದುದನ್ನು ನಾವು ಬಲ್ಲೆವು. ಹುಚ್ಚುನಾಯಿಯ ರೋಗ ಬಿಸಿಲಿನಿಂದ ಬರುವುದಲ್ಲ. ಅದು ರೋಗವುಳ್ಳ ಪ್ರಾಣಿಯ ಕಡಿತದಿಂದ ಬರುವುದು, ವರ್ಷದ ಯಾವ ತಿಂಗಳಲ್ಲಾದರೂ ಬರುವುದು. ರೋಗ ಹಿಡಿದ ನಾಯಿ ನೀರಿಗೆ ಹೆದರುವುದೆಂಬುದೂ ಸರಿಯಲ್ಲ. ಗಂಟಲು ಸೋತು ಅದಕ್ಕೆ ನುಂಗಲಾಗುವುದಿಲ್ಲ, ಅಷ್ಟೇ. ಹಾಗೆಂದು ಜೊಲ್ಲು ಸುರಿಸುವ ಗುರುತಿಲ್ಲದ ನಾಯಿಯ ಬಾಯಿಗೆ ದಯೆಯಿಂದ ಕೈಹಾಕುವುದೂ ಬೇಡ. ದೂರದಿಂದಲೇ ನೀರೆರಚಿ, ನೆರಳಿನ ಕಡೆಗೆ ನೀರಿಟ್ಟು, ಪಶುವೈದ್ಯರಿಗೆ ತಿಳಿಸಬಹುದು. ಕಡಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗತಕ್ಕದ್ದು. ನಿಮ್ಮ ನಾಯಿಗೆ ವರುಷ ವರುಷ ಲಸಿಕೆ ಹಾಕಿಸಿ ಚೀಟಿಯಿಟ್ಟುಕೊಂಡರೆ, ಬಿಸಿಲಿಗೆ ತೂರಾಡಿದ ದಿನ ಆ ಚೀಟಿಯೇ ಅದರ ಪ್ರಾಣ ಉಳಿಸೀತು.

ಮರಿ ಕೊಳ್ಳಲು ದೂರದ ಊರುಗಳಿಂದ ಮುಧೋಳಕ್ಕೆ ಬರುವವರು ಬೇಸಿಗೆಯ ರಜೆಯಲ್ಲಿಯೇ ಹೆಚ್ಚಾಗಿ ಬರುವರು. ಮರಿಯನ್ನು ಮೋಟಾರಿನಲ್ಲಿ ಬಿಟ್ಟು ಗಾಜು ಏರಿಸಿ ಚಹಾ ಕುಡಿಯಲು ಇಳಿಯಬೇಡಿರಿ. ಮುಚ್ಚಿದ ಮೋಟಾರಿನ ಒಳಗಣ ಉಷ್ಣವು ಹತ್ತು ನಿಮಿಷದಲ್ಲಿಯೇ ಹೊರಗಿನದಕ್ಕಿಂತ ಹತ್ತು ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರಬಲ್ಲುದು. ಮಾರುವ ಮನೆಯವರೂ ಸಂಜೆಯ ತಂಪಿನಲ್ಲಿ ಮರಿ ಒಪ್ಪಿಸಿ, ದಾರಿಯಲ್ಲಿ ಗಂಟೆಗೊಮ್ಮೆ ನೀರು ನೆಕ್ಕಿಸಿರೆಂದು ಹೇಳಿ ಕಳಿಸಿದರೆ ಅವರ ಹೆಸರಿಗೇ ಒಳ್ಳೆಯದು. ಓಟದ ಪಂದ್ಯಕ್ಕೆಂದು ನಾಯಿ ಪಳಗಿಸುವ ತರುಣರಿಗೂ ಇದೇ ಬಿನ್ನಹ. ಸೂರ್ಯ ಹುಟ್ಟುವ ಮೊದಲು ಓಡಿಸಿರಿ. ಈ ಜಾತಿಯ ನಾಯಿ ಯಜಮಾನನು ನಿಲ್ಲೆನ್ನುವವರೆಗೆ ಓಡುವುದು. ತನಗೆ ಸಾಕಾಯಿತೆಂದು ಅದು ತಾನಾಗಿ ಹೇಳುವುದಿಲ್ಲ.

ಬೀಳಗಿಯ ಸೋದರಿಯವರಿಗೆ ಉತ್ತರ ಬಾಕಿಯಿದೆ. ನಿಮ್ಮ ನಾಯಿ ಕಾರಿದುದು ನೀರು ಕೊಟ್ಟುದಕ್ಕಲ್ಲ, ಒಮ್ಮೆಗೇ ಬೋಗುಣಿ ತುಂಬ ಕೊಟ್ಟುದಕ್ಕೆ. ತೇಕುತ್ತಲೇ ಗಬಗಬನೆ ಕುಡಿಯುವಾಗ ನೀರಿನೊಡನೆ ಗಾಳಿಯನ್ನೂ ನುಂಗುವುದು. ಬರಿದಾಗಿದ್ದ ಹೊಟ್ಟೆ ಒಮ್ಮೆಲೆ ಉಬ್ಬಿ ಅಷ್ಟನ್ನೂ ಹೊರಗೆ ಹಾಕುವುದು. ಓಡಿ ಬಂದ ನಾಯಿಯನ್ನು ನೆರಳಿಗೆ ಕರೆದು, ಮೊದಲು ಕಾಲುಗಳಿಗೂ ಹೊಟ್ಟೆಗೂ ನೀರು ಚಿಮುಕಿಸಿ, ಆಮೇಲೆ ಅರ್ಧ ತಂಬಿಗೆ ನೀರು ಮುಂದಿಡಿರಿ. ಐದು ನಿಮಿಷ ಬಿಟ್ಟು ಇನ್ನರ್ಧ. ಹೀಗೆ ಮೂರು ನಾಲ್ಕು ಸಲ. ಉಸಿರು ಇಳಿದ ಮೇಲೆ ಪಾತ್ರೆಯನ್ನು ಅದರ ಪಾಡಿಗೆ ಬಿಟ್ಟುಬಿಡಿರಿ. ದಿನವೆಲ್ಲ ನೀರು ಎದುರಿಗಿದ್ದರೆ ಹೀಗೆ ಗಬಗಬನೆ ಕುಡಿಯುವ ಸಂದರ್ಭವೇ ಕಡಮೆಯಾಗುವುದು. ಎರಡು ಮೂರು ದಿನ ಕಾರುವುದು ನಿಲ್ಲದಿದ್ದರೆ, ಇಲ್ಲವೆ ಹೊಟ್ಟೆ ಡೊಳ್ಳಿನಂತೆ ಉಬ್ಬಿ ಕಾರಲು ಹವಣಿಸಿದರೂ ಏನೂ ಬಾರದಿದ್ದರೆ, ಅದು ಬೇರೆ ಮಾತು. ಎರಡನೆಯದರಲ್ಲಿ ಒಂದು ಗಂಟೆಯನ್ನೂ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಮಾವನವರಿಗೆ ಹೇಗೆ ಹೇಳುವುದೆಂದು ನೀವು ಕೇಳಿಲ್ಲ, ಆದರೂ ಹೇಳುವೆವು. ದುಡಿದು ಬಂದ ಎತ್ತಿಗೆ ಅವರೇ ಹೇಗೆ ಸ್ವಲ್ಪ ಸುಧಾರಿಸಗೊಟ್ಟು ನೀರು ತೋರಿಸುವರೋ ನಾಯಿಗೂ ಹಾಗೆಯೇ ಎಂದು ಹೇಳಿರಿ. ಒಕ್ಕಲಿಗರಿಗೆ ಈ ಮಾತು ತಟ್ಟನೆ ತಿಳಿಯುವುದು.

ನಮ್ಮ ಹಿತ್ತಲಿನಲ್ಲಿ ಈಗ ಬೋಗುಣಿಯಿಲ್ಲ. ಹಳೆಯ ಮನೆಯೊಂದನ್ನು ಕೆಡವುವಾಗ ಸಿಕ್ಕ ಕಲ್ಲಿನ ದೋಣಿಯೊಂದನ್ನು ಬಂಡಿಯಲ್ಲಿ ತರಿಸಿ ಬೇವಿನ ಬುಡಕ್ಕೆ ಕೂರಿಸಿರುವೆವು. ಇಬ್ಬರು ಸೇರಿದರೂ ಅದನ್ನು ಅಲುಗಿಸಲಾರರು. ಸರಪಳಿಯನ್ನು ಕಳಚಿ ಹಿತ್ತಲಿಗೆ ಬೇಲಿ ಹಾಕಿಸಿದೆವು. ದೋಣಿ ತುಂಬಿಸುವ ಕೆಲಸ ಬೆಳಿಗ್ಗೆ ಮೊಮ್ಮಗಳದು, ಸಂಜೆ ನಮ್ಮದು. ನಾಯಿಗೀಗ ವಯಸ್ಸಾಗಿದೆ. ಮಧ್ಯಾಹ್ನದಲ್ಲಿ ಎದ್ದು ಬಂದು ನಾಲ್ಕು ಗುಟುಕು ಕುಡಿದು, ಮುಂಗಾಲೆರಡನ್ನೂ ದೋಣಿಯಲ್ಲಿ ಅದ್ದಿ ಸ್ವಲ್ಪ ಹೊತ್ತು ನಿಂತು, ನೆರಳು ಎತ್ತ ಹೋಗಿದೆಯೆಂದು ನೋಡಿಕೊಂಡು ಅಲ್ಲಿಗೆ ಹೋಗಿ ಮಲಗುತ್ತದೆ.